ನೀತಿಗಾಗಿ ಕಾದಂಬರಿ: ಮ್ಯಾಂಚೆಸ್ಟರಿನಿಂದ ದಾವಣಗೆರೆಗೆ

ದಾವಣಗೆರೆಗೆ 'ಕರ್ನಾಟಕದ ಮ್ಯಾಂಚೆಸ್ಟರ್' ಎಂಬ ಹೆಸರು ಬಂದು ಬಹಳ ಕಾಲವಾಯಿತು. ಹತ್ತಿಯ ವ್ಯಾಪಾರ, ಜಿನ್ನಿಂಗ್ ಕಾರ್ಖಾನೆಗಳು, ಆಮೇಲೆ ಒಂದರ ಹಿಂದೊಂದು ಎದ್ದ ಗಿರಣಿಗಳು ಊರಿಗೆ ಈ ಬಿರುದನ್ನು ತಂದುಕೊಟ್ಟವು. ಗಿರಣಿಗಳ ಪೈಕಿ ಹೆಚ್ಚಿನವು ಬಾಗಿಲು ಹಾಕಿ, ಊರು ಕಾಲೇಜುಗಳಿಗೂ ಬೆಣ್ಣೆ ದೋಸೆಗೂ ಹೆಸರಾದ ಮೇಲೂ ಹಳಬರ ಮಾತಿನಲ್ಲಿ ಆ ಹೆಸರು ಉಳಿದುಕೊಂಡಿದೆ. ಆದರೆ ಮೂಲ ಮ್ಯಾಂಚೆಸ್ಟರ್ ನಗರ ಲೋಕಕ್ಕೆ ಕೊಟ್ಟದ್ದು ಬಟ್ಟೆಯೊಂದನ್ನೇ ಅಲ್ಲ. ಗಿರಣಿ ಮಾಲೀಕ ಮತ್ತು ಕೂಲಿಯವನ ನಡುವಿನ ಸಂಬಂಧ ಹೇಗಿರಬೇಕು, ಹಸಿದವನ ಮುಂದೆ ಉಂಡವನ ಧರ್ಮವೇನು ಎಂದು ಕೇಳುವ ಕಾದಂಬರಿಗಳೂ ಅಲ್ಲಿಂದಲೇ ಹುಟ್ಟಿದವು. ಅವುಗಳಲ್ಲಿ ಮುಖ್ಯವಾದವನ್ನು ಬರೆದವರು ಆ ಊರಿನ ಒಬ್ಬ ಪಾದ್ರಿಯ ಹೆಂಡತಿ ಎಲಿಜಬೆತ್ ಗ್ಯಾಸ್ಕೆಲ್.

ವಿಕ್ಟೋರಿಯಾ ರಾಣಿಯ ಆಳ್ವಿಕೆ 1837ರಿಂದ 1901ರವರೆಗೆ ನಡೆಯಿತು. ಆ ಅರವತ್ತನಾಲ್ಕು ವರ್ಷಗಳಲ್ಲಿ ಇಂಗ್ಲೆಂಡಿನಲ್ಲಿ ಬಂದ ಕಾದಂಬರಿಗಳನ್ನು ಕ್ರೈಸ್ತ ನೀತಿಪಾಠಗಳಿಗಾಗಿ ಓದುವ ಪದ್ಧತಿ ಅವು ಹುಟ್ಟಿದ ದಿನಗಳಿಂದಲೇ ಇದೆ. ಡಿಕನ್ಸ್‌ನಲ್ಲಿ ದಯೆ, ಜಾರ್ಜ್ ಎಲಿಯಟ್‌ಳಲ್ಲಿ ಕರ್ತವ್ಯ, ಷಾರ್ಲಟ್ ಬ್ರಾಂಟಿಯಲ್ಲಿ ಆತ್ಮಸಾಕ್ಷಿ ಎಂದು ವಿಂಗಡಿಸಿ, ಪ್ರತಿಯೊಂದಕ್ಕೂ ಬೈಬಲ್ಲಿನ ಒಂದು ವಾಕ್ಯ ಜೋಡಿಸಿ ಓದುವವರು ಹಲವು ದೇಶಗಳಲ್ಲಿ ಇಂದಿಗೂ ಇದ್ದಾರೆ. ಸಾಹಿತ್ಯವನ್ನು ನೀತಿಗಾಗಿ ಓದುವುದು ಹಳೆಯ ಕಾಲದ ಚಾಳಿ ಎಂದು ನಗುವವರೂ ಇದ್ದಾರೆ. ಯಾರು ಸರಿ ಎನ್ನುವುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಈ ಕಾದಂಬರಿಗಳು ಹೇಳುವ ನೀತಿ ಯಾರಿಗೆ? ಮ್ಯಾಂಚೆಸ್ಟರಿನ ಹೆಸರು ಹೊತ್ತ ಊರಿನಲ್ಲಿ ಆ ಪ್ರಶ್ನೆಗೆ ಹೆಚ್ಚಿನ ತೂಕವಿದೆ.

ಕಾದಂಬರಿಯ ಮೇಲೆ ಅನುಮಾನ

ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಭಕ್ತ ಕುಟುಂಬಗಳಿಗೆ ಕಾದಂಬರಿ ಎಂದರೆ ಆಗುತ್ತಿರಲಿಲ್ಲ. ನಡೆಯದ್ದನ್ನು ನಡೆದಂತೆ ಹೇಳುವುದು ಸುಳ್ಳು, ಸುಳ್ಳು ಪಾಪ ಎನ್ನುವುದು ಅವರ ಸರಳ ತರ್ಕ. ಕಥೆ ಕಟ್ಟುವುದೇ ಪಾಪವೆಂದು ತನ್ನ ತಾಯಿ ನಂಬಿದ್ದಳು ಎಂದು ವಿಮರ್ಶಕ ಎಡ್ಮಂಡ್ ಗಾಸ್ 1907ರಲ್ಲಿ ಬಂದ ತನ್ನ 'ಫಾದರ್ ಅಂಡ್ ಸನ್' ಎಂಬ ನೆನಪಿನ ಪುಸ್ತಕದಲ್ಲಿ ಬರೆದಿದ್ದಾನೆ. ಆ ಮನೆಯಲ್ಲಿ ಮಗುವಿಗೆ ಅಜ್ಜಿ ಕಥೆಗಳೂ ದೊರೆಯಲಿಲ್ಲ. ಇಂಥ ಮನೆಗಳೊಳಗೆ ಕಾದಂಬರಿ ಕಾಲಿಡಬೇಕಾದರೆ ಅದು ಒಳ್ಳೆಯ ನಡತೆಯ ಪತ್ರ ಹಿಡಿದುಕೊಂಡೇ ಬರಬೇಕಿತ್ತು. ಆ ಪತ್ರವೇ ನೀತಿ.

ಇದಕ್ಕೆ ವ್ಯಾಪಾರದ ಬೆಂಬಲವೂ ಸಿಕ್ಕಿತು. ಚಾರ್ಲ್ಸ್ ಮೂಡಿ ಎಂಬಾತ 1842ರಲ್ಲಿ ಆರಂಭಿಸಿದ ವಾಚನಾಲಯ ವರ್ಷಕ್ಕೆ ಒಂದು ಗಿನಿ ಚಂದಾಕ್ಕೆ ಪುಸ್ತಕ ಎರವಲು ಕೊಡುತ್ತಿತ್ತು. ಕಾದಂಬರಿಯೊಂದು ಮೂರು ಸಂಪುಟಗಳಲ್ಲಿ ಬಂದು ದುಬಾರಿಯಾಗಿದ್ದ ದಿನಗಳಲ್ಲಿ ಬಹುಪಾಲು ಓದುಗರು ಕೊಳ್ಳುವ ಬದಲು ಎರವಲು ತರುತ್ತಿದ್ದರು. ಮಗಳ ಮುಂದೆ ಅಪ್ಪ ಗಟ್ಟಿಯಾಗಿ ಓದಲು ನಾಚುವಂಥ ಪುಸ್ತಕ ಮೂಡಿಯ ಕಪಾಟಿಗೆ ಬರುತ್ತಿರಲಿಲ್ಲ. ಅಲ್ಲಿ ಬಾರದ ಪುಸ್ತಕಕ್ಕೆ ಮಾರುಕಟ್ಟೆಯೂ ಕಷ್ಟವಾಗಿತ್ತು. ಹೀಗಾಗಿ ಲೇಖಕರಲ್ಲಿ ನಂಬಿಕೆ ಇದ್ದವರೂ ಇಲ್ಲದವರೂ ಸದ್ಗುಣದ ಭಾಷೆಯಲ್ಲೇ ಬರೆಯಬೇಕಾಯಿತು.

ಆದರೆ ಇದನ್ನು ಬರೀ ವ್ಯಾಪಾರವೆಂದು ತಳ್ಳಿಹಾಕುವಂತಿಲ್ಲ. ಡಿಕನ್ಸ್ ತನ್ನ ಮಕ್ಕಳಿಗಾಗಿ 1840ರ ದಶಕದಲ್ಲಿ ಯೇಸುವಿನ ಕಥೆಯನ್ನು ಸರಳವಾಗಿ ಬರೆದಿಟ್ಟಿದ್ದ. ಅದು ಅಚ್ಚಾದದ್ದು 1934ರಲ್ಲಿ, ಅವನು ಸತ್ತು ಅರವತ್ತು ವರ್ಷಗಳಾದ ಮೇಲೆ. ಬ್ರಾಂಟಿ ಸೋದರಿಯರು ಪಾದ್ರಿಯ ಮಕ್ಕಳು. ಗ್ಯಾಸ್ಕೆಲ್ ಪಾದ್ರಿಯ ಪತ್ನಿ. ಜಾರ್ಜ್ ಎಲಿಯಟ್ ಎಂಬ ಗಂಡು ಹೆಸರಿನಲ್ಲಿ ಬರೆದ ಮೇರಿ ಆನ್ ಇವಾನ್ಸ್ ಇಪ್ಪತ್ತೆರಡನೇ ವಯಸ್ಸಿನಲ್ಲಿ ಚರ್ಚಿಗೆ ಹೋಗುವುದನ್ನು ನಿಲ್ಲಿಸಿ ತಂದೆಯ ಜತೆ ಜಗಳವಾಡಿಕೊಂಡವಳು. ಬೈಬಲ್ಲನ್ನು ಚರಿತ್ರೆಯ ದೃಷ್ಟಿಯಿಂದ ಪರೀಕ್ಷಿಸುವ ಜರ್ಮನ್ ಪಂಡಿತ ಸ್ಟ್ರಾಸ್‌ನ ಗ್ರಂಥವನ್ನು 1846ರಲ್ಲಿ ಇಂಗ್ಲಿಷಿಗೆ ತಂದವಳೂ ಅವಳೇ. ದೇವರ ಮೇಲಿನ ನಂಬಿಕೆ ಹೋದ ಮೇಲೂ ಕ್ರೈಸ್ತ ನೀತಿಯನ್ನು ಬಿಡಲಾಗದ ಮನಸ್ಸು ಅವಳದು. ಎಂದರೆ, ಈ ಕಾದಂಬರಿಗಳಲ್ಲಿ ಕ್ರೈಸ್ತ ನೀತಿಯನ್ನು ಹುಡುಕುವುದು ಓದುಗರ ಕಲ್ಪನೆಯಲ್ಲ. ಅದು ಪುಸ್ತಕದಲ್ಲಿಯೇ ಇದೆ, ಆದರೆ ನೇರವಾಗಿಲ್ಲ.

ಮೂರು ಸೀಮೆಗಳ ನಡುವೆ ಹರಿಹರ

ಈ ಓದು ನಮ್ಮ ನಾಡಿಗೆ ಬಂದ ದಾರಿಯನ್ನು ತಿಳಿಯಲು ಹರಿಹರಕ್ಕಿಂತ ಒಳ್ಳೆಯ ಜಾಗವಿಲ್ಲ. ಬ್ರಿಟಿಷರ ಕಾಲದಲ್ಲಿ ಹರಿಹರ, ದಾವಣಗೆರೆಗಳು ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಯಲ್ಲಿದ್ದವು. ತುಂಗಭದ್ರೆ ದಾಟಿದರೆ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆ. ಪಕ್ಕದ ಹರಪನಹಳ್ಳಿ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಆಡಳಿತ ಮೂರಾದಂತೆ ಮಿಶನರಿಗಳ ಸೀಮೆಯೂ ಮೂರಾಗಿತ್ತು. ಬಳ್ಳಾರಿಯಲ್ಲಿ 1810ರಿಂದ ಲಂಡನ್ ಮಿಶನ್, ಧಾರವಾಡ ಹುಬ್ಬಳ್ಳಿಗಳಲ್ಲಿ 1830ರ ದಶಕದ ಕೊನೆಯಿಂದ ಬಾಸೆಲ್ ಮಿಶನ್, ಮೈಸೂರು ಸಂಸ್ಥಾನದಲ್ಲಿ ವೆಸ್ಲಿಯನ್ ಮಿಶನ್. ನದಿಗೆ 1868ರಲ್ಲಿ ಸೇತುವೆಯಾದ ಮೇಲೆ ಹತ್ತಿಯ ಗಾಡಿಗಳ ಜತೆ ಪುಸ್ತಕ ಮಾರುವವರ ಓಡಾಟವೂ ಸಲೀಸಾಯಿತೆಂದು ಊಹಿಸಬಹುದು.

ಈ ಮಿಶನ್‌ಗಳು ಕನ್ನಡಕ್ಕೆ ಕೊಟ್ಟ ಅಚ್ಚುಕೂಟ, ಪತ್ರಿಕೆ, ನಿಘಂಟುಗಳ ಕಥೆ ಓದುಗರಿಗೆ ಗೊತ್ತಿರುವುದೇ. ಮಂಗಳೂರ ಸಮಾಚಾರ 1843ರಲ್ಲಿ, ಕಿಟ್ಟೆಲ್ ನಿಘಂಟು 1894ರಲ್ಲಿ ಬಂದವು. ಕಥೆಯ ವಿಷಯದಲ್ಲಿ ಮಾತ್ರ ಮಿಶನ್‌ಗಳ ಆಯ್ಕೆ ಬಿಗಿಯಾಗಿತ್ತು. ಜಾನ್ ಬನಿಯನ್ ಹದಿನೇಳನೇ ಶತಮಾನದಲ್ಲಿ ಬರೆದ ರೂಪಕ ಕಥೆ 'ಯಾತ್ರಿಕನ ಸಂಚಾರ' ಎಂಬ ಹೆಸರಿನಲ್ಲಿ ಹತ್ತೊಂಬತ್ತನೇ ಶತಮಾನದ ನಡುವಿನಲ್ಲೇ ಕನ್ನಡಕ್ಕೆ ಬಂತು. ಪಾಪದ ಹೊರೆ ಹೊತ್ತವನು ಮುಕ್ತಿಯ ಊರಿಗೆ ನಡೆದು ಹೋಗುವ ಈ ಕಥೆಯಲ್ಲಿ ಪಾತ್ರಗಳ ಹೆಸರೇ ಅವುಗಳ ಗುಣವನ್ನು ಹೇಳುತ್ತದೆ. ಓದುಗ ದಾರಿ ತಪ್ಪುವ ಭಯವಿಲ್ಲ.

ಸರ್ಕಾರಿ ಶಾಲೆಗಳ ಕಥೆ ಬೇರೆ. ಭಾರತದ ಶಿಕ್ಷಣ ವ್ಯವಸ್ಥೆಗೆ ಬುನಾದಿಯಾದ ವುಡ್ ಆದೇಶ 1854ರ ಜುಲೈಯಲ್ಲಿ ಹೊರಟಿತು. ಸರ್ಕಾರಿ ಶಾಲೆಗಳಲ್ಲಿ ಧರ್ಮಬೋಧೆ ಕೂಡದು ಎನ್ನುವುದು ಅದರ ನಿಲುವು. ಬೈಬಲ್ ಹೇಳಿಕೊಡುವಂತಿಲ್ಲ, ಆದರೆ ಇಂಗ್ಲಿಷ್ ಸಾಹಿತ್ಯ ಹೇಳಿಕೊಡಬಹುದು. ಆ ಸಾಹಿತ್ಯದ ತುಂಬ ಕ್ರೈಸ್ತ ನೀತಿ ಇತ್ತು. ನೇರವಾಗಿ ಹೇಳಲಾಗದ ಪಾಠವನ್ನು ಸಾಹಿತ್ಯದ ಮುಖವಾಡ ತೊಡಿಸಿ ಹೇಳಲಾಯಿತು ಎಂದು ವಿದ್ವಾಂಸೆ ಗೌರಿ ವಿಶ್ವನಾಥನ್ 1989ರಲ್ಲಿ ಪ್ರಕಟವಾದ 'ಮಾಸ್ಕ್ಸ್ ಆಫ್ ಕಾಂಕ್ವೆಸ್ಟ್' ಗ್ರಂಥದಲ್ಲಿ ವಾದಿಸಿದ್ದಾರೆ. ಅದೇ 1854ರ ಬೇಸಿಗೆಯಲ್ಲಿ ಲಂಡನ್ನಿನ ವಾರಪತ್ರಿಕೆಯೊಂದರಲ್ಲಿ ಡಿಕನ್ಸ್‌ನ 'ಹಾರ್ಡ್ ಟೈಮ್ಸ್' ಧಾರಾವಾಹಿಯಾಗಿ ಬರುತ್ತಿತ್ತು. ಮಕ್ಕಳಿಗೆ ಬರೀ ಅಂಕಿಅಂಶ ತುಂಬುವ ಶಾಲೆಯನ್ನು ಅದು ಗೇಲಿ ಮಾಡಿತ್ತು.

ಮುಂದೆ ವಿಶ್ವವಿದ್ಯಾನಿಲಯಗಳು ಬಂದ ಮೇಲೆ ಈ ಕಾದಂಬರಿಗಳು 'ನಾನ್ ಡಿಟೇಲ್ಡ್' ಪಠ್ಯಗಳಾದವು. ದಾವಣಗೆರೆಯ ಕಾಲೇಜುಗಳು ಮೊದಲು ಮೈಸೂರು ವಿಶ್ವವಿದ್ಯಾನಿಲಯದ, 1987ರಿಂದ ಕುವೆಂಪು ವಿಶ್ವವಿದ್ಯಾನಿಲಯದ, 2009ರಿಂದ ತಮ್ಮದೇ ಊರಿನ ವಿಶ್ವವಿದ್ಯಾನಿಲಯದ ಆಡಳಿತಕ್ಕೆ ಬಂದವು. ವಿಶ್ವವಿದ್ಯಾನಿಲಯ ಬದಲಾದರೂ ನಾಡಿನ ಎಲ್ಲೆಡೆಯಂತೆ ಪರೀಕ್ಷೆಯ ಪ್ರಶ್ನೆಯ ಧಾಟಿ ಬದಲಾಗಲು ಬಹಳ ಕಾಲ ಹಿಡಿಯಿತು. ಪಾತ್ರಚಿತ್ರಣ ಬರೆಯಿರಿ, ಕಥೆಯ ನೀತಿ ತಿಳಿಸಿರಿ. ಗೈಡು ಬರೆಯುವವರು ಮುನ್ನೂರು ಪುಟದ ಕಾದಂಬರಿಯನ್ನು ಮೂರು ಸಾಲಿಗೆ ಇಳಿಸಿದರು.

ಕನ್ನಡದ ಓದುಗ ಕೈಕಟ್ಟಿ ಕೂತಿರಲಿಲ್ಲ

ನಮ್ಮವರು ಈ ನೀತಿಯನ್ನು ಕಣ್ಣು ಮುಚ್ಚಿ ನುಂಗಿದರೆಂದು ಭಾವಿಸಬೇಕಾಗಿಲ್ಲ. ಹರಿಕಥೆ, ಪುರಾಣ ಪ್ರವಚನ, ಗಮಕ ವಾಚನಗಳ ನಾಡಿಗೆ ಕಥೆಯಿಂದ ನೀತಿ ತೆಗೆಯುವುದನ್ನು ಹೊರಗಿನವರು ಬಂದು ಕಲಿಸಬೇಕಿರಲಿಲ್ಲ. ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಇದಕ್ಕೆ ಒಳ್ಳೆಯ ಉದಾಹರಣೆ. ಇದು 1899ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಅಚ್ಚುಕೂಟದಲ್ಲಿ ಮುದ್ರಣವಾಯಿತು. 'ಸದ್ಧರ್ಮ ವಿಜಯವು' ಎಂಬುದು ಅದರ ಇನ್ನೊಂದು ಹೆಸರು. ವಿಧವೆಯ ವಿದ್ಯಾಭ್ಯಾಸ, ಮರುಮದುವೆ, ಮಠದ ಬೂಟಾಟಿಕೆ ಇವೆಲ್ಲ ಅದರಲ್ಲಿವೆ. ವಿಕ್ಟೋರಿಯಾ ಕಾಲದ ಕಾದಂಬರಿಯ ಅಚ್ಚನ್ನು ತೆಗೆದುಕೊಂಡು, ಮಿಶನ್ನಿನ ಯಂತ್ರದಲ್ಲೇ ಮುದ್ರಿಸಿ, ಒಳಗೆ ನಮ್ಮದೇ ಸಮಾಜದ ವಿಚಾರಣೆ ನಡೆಸಿದ ಕೃತಿ ಅದು.

ಬಿ.ಎಂ. ಶ್ರೀಕಂಠಯ್ಯನವರು ಕನ್ನಡಿಸಿದ 'ಕರುಣಾಳು ಬಾ ಬೆಳಕೆ' ಇನ್ನೊಂದು ಉದಾಹರಣೆ. ಇಂಗ್ಲಿಷ್ ಪಾದ್ರಿ ನ್ಯೂಮನ್ 1833ರಲ್ಲಿ ಸಮುದ್ರಯಾನದ ನಡುವೆ ಬರೆದ ಈ ಪ್ರಾರ್ಥನೆ ಕನ್ನಡ ಶಾಲೆಗಳ ಪ್ರಾರ್ಥನೆಯಾಯಿತು. ಹಾಡುವ ಮಕ್ಕಳಲ್ಲಿ ಅದರ ಮೂಲ ಕ್ರೈಸ್ತ ಕೀರ್ತನೆ ಎಂದು ತಿಳಿದವರು ವಿರಳ. ತಿಳಿದವರಿಗೂ ಅದರಿಂದ ತೊಂದರೆಯಾಗಲಿಲ್ಲ. ಸಾರವನ್ನು ಸ್ವೀಕರಿಸಿ ಸಿದ್ಧಾಂತವನ್ನು ಅಲ್ಲಿಯೇ ಬಿಡುವ ಈ ರೀತಿ ಹರಿ ಮತ್ತು ಹರ ಒಂದೇ ವಿಗ್ರಹದಲ್ಲಿ ನಿಂತಿರುವ ಊರಿನ ಸುತ್ತಮುತ್ತ ಅಚ್ಚರಿಯ ವಿಷಯವೂ ಅಲ್ಲ. ಹೊಯ್ಸಳರ ದಂಡನಾಯಕ ಪೋಲಾಳ್ವ ಹರಿಹರೇಶ್ವರ ದೇವಾಲಯವನ್ನು ಕಟ್ಟಿಸಿ ಎಂಟುನೂರು ವರ್ಷಗಳಾದವು. ಅದೇ ಊರಿನ ಆರೋಗ್ಯಮಾತೆಯ ಚರ್ಚಿಗೆ ಪ್ರತಿ ಸೆಪ್ಟೆಂಬರ್ ಉತ್ಸವದಲ್ಲಿ ಹರಕೆ ಹೊತ್ತು ಬರುವವರು ಕ್ರೈಸ್ತರು ಮಾತ್ರವಲ್ಲ.

ಆದರೆ ಸಾರವನ್ನು ಹೀಗೆ ಸುಲಭವಾಗಿ ತೆಗೆದುಕೊಳ್ಳುವಾಗ ಒಂದು ನಷ್ಟವೂ ಆಗುತ್ತದೆ. 'ಕ್ಷಮೆ ದೊಡ್ಡದು' ಎಂಬಂಥ ಮಾತು ಎಲ್ಲ ಧರ್ಮಗಳಲ್ಲೂ ಇದೆ ಎಂದು ಮುಗಿಸಿಬಿಟ್ಟರೆ, ಆ ಕಾದಂಬರಿ ಕ್ಷಮೆಯ ಬಗ್ಗೆ ವಿಶೇಷವಾಗಿ ಏನು ಹೇಳಿತು ಎನ್ನುವುದು ಕೈತಪ್ಪುತ್ತದೆ. ಅದನ್ನು ನೋಡಲು ಮ್ಯಾಂಚೆಸ್ಟರಿಗೇ ಹೋಗಬೇಕು.

ಗಿರಣಿಯ ಮಾಲೀಕ ಮತ್ತು ಕೊಲೆಗಾರ

ಗ್ಯಾಸ್ಕೆಲ್‌ಳ ಗಂಡ ವಿಲಿಯಂ, ಮ್ಯಾಂಚೆಸ್ಟರಿನ ಕ್ರಾಸ್ ಸ್ಟ್ರೀಟ್ ಪ್ರಾರ್ಥನಾ ಮಂದಿರದ ಪಾದ್ರಿ. ಅಲ್ಲಿಗೆ ಬರುತ್ತಿದ್ದವರಲ್ಲಿ ಗಿರಣಿ ಮಾಲೀಕರಿದ್ದರು, ಆಕೆ ಸೇವೆಗೆಂದು ಹೋಗುತ್ತಿದ್ದ ಓಣಿಗಳಲ್ಲಿ ಅವರ ಕೂಲಿಗಳಿದ್ದರು. ಅವಳ ಗಂಡುಮಗು 1845ರಲ್ಲಿ ಜ್ವರದಿಂದ ತೀರಿಕೊಂಡಿತು. ಆ ದುಃಖದಲ್ಲಿ ಬರೆಯಲು ಕೂತ ಕಾದಂಬರಿ 'ಮೇರಿ ಬಾರ್ಟನ್' 1848ರಲ್ಲಿ ಲೇಖಕಿಯ ಹೆಸರಿಲ್ಲದೆ ಪ್ರಕಟವಾಯಿತು.

ಅದರಲ್ಲಿ ಜಾನ್ ಬಾರ್ಟನ್ ಎಂಬ ಗಿರಣಿ ಕಾರ್ಮಿಕನಿದ್ದಾನೆ. ಕೆಲಸ ಹೋದ ದಿನಗಳಲ್ಲಿ ಅವನ ಪುಟ್ಟ ಮಗ ಕಾಯಿಲೆ ಬೀಳುತ್ತಾನೆ. ಒಳ್ಳೆಯ ಆಹಾರ ಕೊಟ್ಟರೆ ಉಳಿಯುತ್ತಾನೆ ಎನ್ನುತ್ತಾರೆ ವೈದ್ಯರು. ಕೈಯಲ್ಲಿ ಕಾಸಿಲ್ಲದೆ ಅಂಗಡಿಯ ಮುಂದೆ ನಿಂತ ಅವನ ಕಣ್ಣೆದುರೇ ಹಳೆಯ ಮಾಲೀಕನ ಹೆಂಡತಿ ಔತಣಕ್ಕೆಂದು ಸಾಮಾನು ಕೊಂಡು ಗಾಡಿ ಹತ್ತುತ್ತಾಳೆ. ಮನೆಗೆ ಹೋಗುವಷ್ಟರಲ್ಲಿ ಮಗು ಸತ್ತಿರುತ್ತದೆ. ಬೈಬಲ್ಲಿನಲ್ಲಿ ಒಂದು ದೃಷ್ಟಾಂತವಿದೆ. ಧನಿಕನ ಬಾಗಿಲಲ್ಲಿ ಬಿದ್ದಿದ್ದ ಲಾಜರನೆಂಬ ಭಿಕ್ಷುಕ ಸತ್ತು ಸ್ವರ್ಗ ಸೇರುತ್ತಾನೆ, ಧನಿಕ ನರಕದಿಂದ ಅವನನ್ನು ನೋಡಿ ಒಂದು ಹನಿ ನೀರಿಗೆ ಅಂಗಲಾಚುತ್ತಾನೆ. ಬಾರ್ಟನ್ ಈ ಕಥೆಯನ್ನು ಮತ್ತೆ ಮತ್ತೆ ನೆನೆಯುತ್ತಾನೆ.

ಮುಂದೆ ಮುಷ್ಕರ ಮುರಿದಾಗ ಕಾರ್ಮಿಕರು ಚೀಟಿ ಎತ್ತಿ, ಕಾರ್ಸನ್ ಎಂಬ ಮಾಲೀಕನ ಮಗನನ್ನು ಕೊಲ್ಲಬೇಕಾದವನನ್ನು ಆರಿಸುತ್ತಾರೆ. ಚೀಟಿ ಬಾರ್ಟನ್‌ನ ಪಾಲಿಗೆ ಬರುತ್ತದೆ. ಕೊಲೆ ಮಾಡಿದವನು ಪಶ್ಚಾತ್ತಾಪದಿಂದ ಕೃಶನಾಗಿ, ಕೊನೆಗೆ ಸತ್ತವನ ತಂದೆಯ ಮುಂದೆ ತಪ್ಪೊಪ್ಪಿಕೊಳ್ಳುತ್ತಾನೆ. ತಂದೆ ಕ್ಷಮಿಸುವುದಿಲ್ಲ. ತನ್ನ ಪಾಪಕ್ಕೆ ಕ್ಷಮೆ ಸಿಗದಿದ್ದರೂ ಚಿಂತೆಯಿಲ್ಲ, ಮಗನ ಕೊಲೆಗೆ ಸೇಡು ತೀರಬೇಕು ಎಂದು ಎದ್ದು ಹೋಗುತ್ತಾನೆ. ದಾರಿಯಲ್ಲಿ ಅವನು ಸಣ್ಣದೊಂದು ಘಟನೆ ನೋಡುತ್ತಾನೆ. ಓಡಿ ಬಂದ ಹುಡುಗನೊಬ್ಬ ಡಿಕ್ಕಿ ಹೊಡೆದು ಪುಟ್ಟ ಹುಡುಗಿಯ ಮುಖದಲ್ಲಿ ರಕ್ತ ಬರುತ್ತದೆ. ಆಯಾ ಪೊಲೀಸರನ್ನು ಕರೆಯುತ್ತೇನೆ ಎಂದು ಗದರಿಸಿದರೆ, ಆ ಹುಡುಗನಿಗೆ ತಾನು ಮಾಡಿದ್ದೇನೆಂದು ತಿಳಿಯಲಿಲ್ಲ, ಬಿಟ್ಟುಬಿಡು ಎನ್ನುತ್ತದೆ ಮಗು. ಈ ಮಾತನ್ನು ಎಲ್ಲೋ ಕೇಳಿದ್ದೇನೆ ಎಂದು ಕಾರ್ಸನ್ ಮನೆಗೆ ಹೋಗಿ, ಎಷ್ಟೋ ವರ್ಷದಿಂದ ಮುಟ್ಟದ ಬೈಬಲ್ ತೆರೆದು ರಾತ್ರಿಯಿಡೀ ಓದುತ್ತಾನೆ. ಶಿಲುಬೆಯ ಮೇಲಿನಿಂದ ಯೇಸು ಆಡಿದ ಮಾತು ಅದು. ಬೆಳಿಗ್ಗೆ ಅವನು ಬಾರ್ಟನ್‌ನ ಮನೆಗೆ ಹಿಂದಿರುಗುತ್ತಾನೆ. ಮಗನನ್ನು ಕೊಂದವನು ತಂದೆಯ ತೋಳಿನಲ್ಲೇ ಪ್ರಾಣ ಬಿಡುತ್ತಾನೆ.

ಹುಲಿಯೂ ಕಾರ್ಸನ್ನನೂ

ಕನ್ನಡದ ಗಾದೆಯ ಲೆಕ್ಕದಲ್ಲಿ ಈ ಕಥೆ ಬೇರೆ ರೀತಿ ಮುಗಿಯಬೇಕಿತ್ತು. ಮಾಡಿದವನು ಉಣ್ಣಬೇಕು. ಎಂ.ಎಸ್. ಪುಟ್ಟಣ್ಣನವರು 1915ರಲ್ಲಿ ತಮ್ಮ ಕಾದಂಬರಿಗೆ 'ಮಾಡಿದ್ದುಣ್ಣೋ ಮಹಾರಾಯ' ಎಂದೇ ಹೆಸರಿಟ್ಟರು. ಕರ್ಮಕ್ಕೆ ತಕ್ಕ ಫಲ ಎನ್ನುವುದು ನ್ಯಾಯದ ನೀತಿ. ಗ್ಯಾಸ್ಕೆಲ್ ಹೇಳುತ್ತಿರುವುದು ಲೆಕ್ಕ ಚುಕ್ತಾ ಆಗದೆಯೂ ಸಿಗುವ ಕ್ಷಮೆಯ ನೀತಿ. ಕನ್ನಡ ಕ್ರೈಸ್ತರು ಬಳಸುವ ಕೃಪೆ, ಮಾನಸಾಂತರ ಎಂಬ ಎರಡು ಶಬ್ದಗಳ ಅರ್ಥ ಈ ಪ್ರಸಂಗದಲ್ಲಿ ಸ್ಪಷ್ಟವಾಗುತ್ತದೆ. ಯೋಗ್ಯತೆ ನೋಡದೆ ಸಿಗುವುದು ಕೃಪೆ. ಅದನ್ನು ಕಂಡ ಮನಸ್ಸು ತಿರುಗುವುದು ಮಾನಸಾಂತರ.

ಇದು ನಮಗೆ ಪೂರ್ತಿ ಹೊಸದಲ್ಲ. ಗೋವಿನ ಹಾಡು ಕೇಳಿ ಬೆಳೆದ ಪ್ರತಿ ಕನ್ನಡದ ಮಗುವೂ ಮಾನಸಾಂತರವನ್ನು ಕಂಡಿದೆ. ಕೊಟ್ಟ ಮಾತಿನಂತೆ ತಿರುಗಿ ಬಂದ ಪುಣ್ಯಕೋಟಿಯ ಮುಂದೆ ಹುಲಿಯ ಮನಸ್ಸು ಕರಗುತ್ತದೆ. ಬಲಶಾಲಿಯನ್ನು ಬಲಹೀನರ ಒಳ್ಳೆಯತನ ಸೋಲಿಸುವುದು ಅಲ್ಲೂ ಇದೆ, ಮ್ಯಾಂಚೆಸ್ಟರಿನ ಬೀದಿಯ ಆ ಮಗುವಿನಲ್ಲೂ ಇದೆ. ವ್ಯತ್ಯಾಸವಿರುವುದು ಆಮೇಲಿನ ಮಾತಿನಲ್ಲಿ. ಹುಲಿ ತನ್ನ ಪ್ರಾಣವನ್ನೇ ಕಳೆದುಕೊಳ್ಳುತ್ತದೆ, ಹಾಡು ಮುಗಿಯುತ್ತದೆ. ಕಾರ್ಸನ್ ಬದುಕಿರುತ್ತಾನೆ. ಮರುದಿನದಿಂದ ಅವನು ಗಿರಣಿಗೆ ಹೋಗಬೇಕು, ಕೂಲಿ ಎಷ್ಟೆಂದು ತೀರ್ಮಾನಿಸಬೇಕು, ಮಂದಿಯ ಕೆಲಸ ತೆಗೆಯಬೇಕೋ ಬೇಡವೋ ಯೋಚಿಸಬೇಕು. ಮ್ಯಾಂಚೆಸ್ಟರಿನ ಗಿರಣಿಗಳಲ್ಲಿ ಆಮೇಲೆ ಆದ ಹಲವು ಸುಧಾರಣೆಗಳ ಮೂಲ ಅವನೇ ಎಂದು ಕಾದಂಬರಿ ಹೇಳುತ್ತದೆ. ಮನಸ್ಸು ತಿರುಗಿದ ಮಾಲೀಕ ಮಾರನೆಯ ದಿನ ಏನು ಮಾಡಿದ ಎನ್ನುವುದು ಗೈಡಿನ ಮೂರು ಸಾಲಿನಲ್ಲಿ ಬಿಟ್ಟುಹೋಗುವ ಭಾಗ.

ಆ ಕಾಲದ ಮಾಲೀಕರಿಗೆ ಈ ನೀತಿ ಚೆನ್ನಾಗಿಯೇ ಅರ್ಥವಾಗಿತ್ತು. 'ಮ್ಯಾಂಚೆಸ್ಟರ್ ಗಾರ್ಡಿಯನ್' ಪತ್ರಿಕೆ ಕಾದಂಬರಿ ಮಾಲೀಕರಿಗೆ ಅನ್ಯಾಯ ಮಾಡಿದೆ ಎಂದು ಟೀಕಿಸಿತು. ಭಾನುವಾರ ಅದೇ ಬೈಬಲ್ ಓದುವ ಜನ ಸೋಮವಾರ ಅದೇ ನೀತಿಯನ್ನು ಕಾದಂಬರಿಯಲ್ಲಿ ಕಂಡು ಸಿಡಿಮಿಡಿಗೊಂಡರು.

ತಾಳ್ಮೆಯ ಪಾಠ ಯಾರಿಗೆ?

ಗ್ಯಾಸ್ಕೆಲ್‌ಳ ಮೇಲೆ ಬೇರೆ ಕಡೆಯಿಂದ ಬಂದ ಟೀಕೆಯೂ ಇದೆ. ವಿಮರ್ಶಕ ರೇಮಂಡ್ ವಿಲಿಯಮ್ಸ್ 1958ರಲ್ಲಿ ಈ ಬಗೆಯ ಕೃತಿಗಳನ್ನು 'ಕೈಗಾರಿಕಾ ಕಾದಂಬರಿಗಳು' ಎಂದು ಒಟ್ಟುಗೂಡಿಸಿ ಪರಿಶೀಲಿಸಿದರು. ಬಡವರ ಮೇಲೆ ಇವುಗಳಿಗೆ ಅನುಕಂಪವಿದೆ, ಆದರೆ ಬಡವರು ಒಟ್ಟಾಗಿ ನಿಂತರೆ ಭಯವೂ ಇದೆ ಎನ್ನುವುದು ಅವರ ವಾದದ ತಿರುಳು. 'ಮೇರಿ ಬಾರ್ಟನ್'ನಲ್ಲಿ ಕಾರ್ಮಿಕರ ಒಕ್ಕೂಟ ಕೊಲೆಗೆ ಕಾರಣವಾಗುತ್ತದೆ. 'ಹಾರ್ಡ್ ಟೈಮ್ಸ್'ನಲ್ಲಿ ಸಂಘದ ಭಾಷಣಕಾರ ಬರೀ ಬಾಯಿಬಡುಕ, ಸಂಘಕ್ಕೆ ಸೇರದ ಒಳ್ಳೆಯ ಕಾರ್ಮಿಕ ಹಾಳು ಗಣಿಯಲ್ಲಿ ಬಿದ್ದು, ಮೇಲಿನ ನಕ್ಷತ್ರ ನೋಡುತ್ತ ಶಾಂತನಾಗಿ ಸಾಯುತ್ತಾನೆ.

ದಾವಣಗೆರೆಯ ಗಿರಣಿಗಳ ಚರಿತ್ರೆ ತಿಳಿದವರು ಇದನ್ನು ಒಪ್ಪುವುದು ಕಷ್ಟ. ಇಲ್ಲಿ ಕೂಲಿ, ಬೋನಸ್ಸು, ಕೆಲಸದ ಭದ್ರತೆ ಬಂದದ್ದು ಮಾಲೀಕರ ಮಾನಸಾಂತರವೊಂದರಿಂದಲೇ ಅಲ್ಲ, ಸಂಘಟನೆಯಿಂದ. ಗಿರಣಿ ಕಾರ್ಮಿಕರ ನಾಯಕ, ಕಮ್ಯುನಿಸ್ಟ್ ಪಕ್ಷದ ಪಂಪಾಪತಿಯವರನ್ನು ಈ ಊರು 1978, 1983 ಮತ್ತು 1985ರ ಚುನಾವಣೆಗಳಲ್ಲಿ ವಿಧಾನಸಭೆಗೆ ಕಳುಹಿಸಿತು. ಇಂಥ ಊರಿನಲ್ಲಿ ಬಡವನಿಗೆ ತಾಳ್ಮೆಯನ್ನೂ ಧನಿಕನಿಗೆ ದಯೆಯನ್ನೂ ಹೇಳುವ ನೀತಿ ಅರ್ಧ ನೀತಿ ಎನಿಸುವುದು ಸಹಜ. ತಾಳ್ಮೆ ಹೇಳಿಸಿಕೊಂಡವನು ತಾಳಲೇಬೇಕು. ದಯೆ ಹೇಳಿಸಿಕೊಂಡವನು ಮರೆಯಬಹುದು.

ಗ್ಯಾಸ್ಕೆಲ್‌ಗೆ ಇದು ತಿಳಿಯದೆ ಇರಲಿಲ್ಲ ಎನ್ನಲು ಅವಳ ಮುಂದಿನ ಕಾದಂಬರಿ 'ನಾರ್ತ್ ಅಂಡ್ ಸೌತ್' ಸಾಕ್ಷಿ. ಇದು 1854–55ರಲ್ಲಿ ಧಾರಾವಾಹಿಯಾಗಿ ಬಂತು. ಅದರಲ್ಲಿ ಹಿಗ್ಗಿನ್ಸ್ ಎಂಬ ಕಾರ್ಮಿಕ ಸಂಘದ ಕಟ್ಟಾಳು, ದೇವರನ್ನು ನಂಬದವನು. ಗಿರಣಿಯ ಹತ್ತಿಯ ಧೂಳು ಶ್ವಾಸಕೋಶಕ್ಕೆ ಸೇರಿ ಅವನ ಮಗಳು ಹತ್ತೊಂಬತ್ತರ ಹರೆಯದಲ್ಲಿ ಸಾಯುತ್ತಾಳೆ. ಗಾಳಿ ಶುದ್ಧಮಾಡುವ ಚಕ್ರ ಹಾಕಿಸಬಹುದು, ಆದರೆ ಅದಕ್ಕೆ ಹಣ ಖರ್ಚಾಗುತ್ತದೆ, ಲಾಭವಿಲ್ಲ ಎಂದು ಆ ಹುಡುಗಿಯೇ ಹೇಳುತ್ತಾಳೆ. ಸ್ವರ್ಗದ ಕನಸು ಕಾಣುತ್ತಿರುವ ಹುಡುಗಿಯ ಬಾಯಲ್ಲಿ ಲೇಖಕಿ ಯಂತ್ರದ ಬೆಲೆಯ ಮಾತನ್ನೂ ಆಡಿಸಿದ್ದಾಳೆ. ಮಗಳು ಸತ್ತ ದಿನ ಹಿಗ್ಗಿನ್ಸ್ ಹೋಗುವುದು ಚರ್ಚು ಬಿಟ್ಟ ಮಾಜಿ ಪಾದ್ರಿಯೊಬ್ಬನ ಮನೆಗೆ. ಪಾದ್ರಿಯ ಮಗಳು ಚರ್ಚಿನ ಭಕ್ತೆ, ತಂದೆ ಚರ್ಚಿನಿಂದ ಹೊರಬಂದವನು, ಅತಿಥಿ ನಾಸ್ತಿಕ. ರಾತ್ರಿ ಮೂವರೂ ಒಟ್ಟಿಗೆ ಮೊಣಕಾಲೂರುತ್ತಾರೆ. ಹಿಗ್ಗಿನ್ಸ್ ಆಸ್ತಿಕನಾಗಿ ಬಿಡುವುದಿಲ್ಲ, ಸಂಘವನ್ನೂ ಬಿಡುವುದಿಲ್ಲ. ಕಥೆ ಅವನನ್ನು ಪರಿವರ್ತಿಸಲು ಹೋಗುವುದೇ ಇಲ್ಲ. ಬದಲಾಗಬೇಕಾದವನು ಗಿರಣಿಯ ಮಾಲೀಕ. ಅವನು ಕಾರ್ಮಿಕರೊಡನೆ ಕೂತು ಮಾತಾಡುವುದನ್ನು ಕಲಿಯುತ್ತಾನೆ.

ಡಿಕನ್ಸ್‌ನ 'ಹಾರ್ಡ್ ಟೈಮ್ಸ್' ನಡೆಯುವ ಊರಿನಲ್ಲಿ ಬಣ್ಣದ ನೀರು ಬಿದ್ದು ನದಿ ನೇರಳೆಯಾಗಿ ನಾರುತ್ತದೆ. ಅಲ್ಲಿ ಹದಿನೆಂಟು ಪಂಥಗಳ ಪ್ರಾರ್ಥನಾ ಮಂದಿರಗಳಿವೆ, ಆದರೆ ಕೂಲಿಯವರು ಯಾವುದಕ್ಕೂ ಹೋಗುವುದಿಲ್ಲ. ಹರಿಹರದ ಬಳಿ ತುಂಗಭದ್ರೆಗೆ ಸೇರುವ ಕೈಗಾರಿಕಾ ತ್ಯಾಜ್ಯದ ವಿರುದ್ಧ 1980ರ ದಶಕದಲ್ಲಿ ನಡೆದ ಚಳವಳಿಯನ್ನು ಬಲ್ಲವರು ಈ ಪುಟವನ್ನು ಓದಿದರೆ ಟಿಪ್ಪಣಿಯ ನೆರವು ಬೇಕಾಗುವುದಿಲ್ಲ.

ಭಕ್ತರನ್ನೇ ಕೇಳುವ ಪ್ರಶ್ನೆ

ಈ ಕಾದಂಬರಿಗಳ ಕ್ರೈಸ್ತ ನೀತಿಯ ಮೊನೆ ಬಹುಪಾಲು ತಿರುಗಿರುವುದು ಕ್ರೈಸ್ತರ ಕಡೆಗೇ ಎನ್ನುವುದು ಗಮನಾರ್ಹ. ಷಾರ್ಲಟ್ ಬ್ರಾಂಟಿಯ 'ಜೇನ್ ಐರ್' 1847ರಲ್ಲಿ ಬಂತು. ಅದರಲ್ಲಿ ಅನಾಥಶಾಲೆ ನಡೆಸುವ ಬ್ರಾಕಲ್‌ಹರ್ಸ್ಟ್ ಎಂಬ ಪಾದ್ರಿ, ಹುಡುಗಿಯೊಬ್ಬಳ ಗುಂಗುರು ಕೂದಲು ವಿಲಾಸದ ಲಕ್ಷಣವೆಂದು ಕತ್ತರಿಸಲು ಆಜ್ಞೆ ಮಾಡುತ್ತಾನೆ. ಅವನ ಮಾತು ಮುಗಿಯುವ ಮೊದಲೇ ಅವನ ಹೆಂಡತಿ ಮಕ್ಕಳು ರೇಷ್ಮೆ ಉಟ್ಟು, ಕೂದಲನ್ನು ಗುಂಗುರು ಮಾಡಿಸಿಕೊಂಡು ಒಳಗೆ ಬರುತ್ತಾರೆ. ಕಾದಂಬರಿ ಕ್ರೈಸ್ತ ವಿರೋಧಿ ಎಂದು ವಿಮರ್ಶಕಿಯೊಬ್ಬಳು ಮರುವರ್ಷವೇ ಬರೆದಳು. ಅದೇ ಕಾದಂಬರಿಯ ಕೊನೆಯಲ್ಲಿ ಸೇಂಟ್ ಜಾನ್ ಎಂಬಾತ ಮಿಶನರಿಯಾಗಿ ಭಾರತಕ್ಕೆ ಬರುತ್ತಾನೆ. ಜೇನ್ ಅವನನ್ನು ಮೆಚ್ಚುತ್ತಾಳೆ, ಆದರೆ ಪ್ರೀತಿಯಿಲ್ಲದ ಕರ್ತವ್ಯಕ್ಕಾಗಿ ಅವನನ್ನು ಮದುವೆಯಾಗಲು ಒಲ್ಲೆ ಎನ್ನುತ್ತಾಳೆ. ಆ ನಿರಾಕರಣೆಯನ್ನೂ ಅವಳು ಪ್ರಾರ್ಥನೆ ಮಾಡಿಯೇ ನಿರ್ಧರಿಸುತ್ತಾಳೆ.

ನಮ್ಮ ದೇಶದ ಅನೇಕ ವಿಶ್ವವಿದ್ಯಾನಿಲಯಗಳಲ್ಲಿ ಪಠ್ಯವಾಗಿದ್ದ ಜಾರ್ಜ್ ಎಲಿಯಟ್‌ಳ 'ಸೈಲಸ್ ಮಾರ್ನರ್' 1861ರದು. ಕಳ್ಳತನದ ಸುಳ್ಳು ಆಪಾದನೆ ಬಂದಾಗ ನೇಕಾರ ಸೈಲಸ್‌ನ ಪಂಥದವರು ಪ್ರಾರ್ಥಿಸಿ ಚೀಟಿ ಎತ್ತುತ್ತಾರೆ. ಚೀಟಿ ಅವನೇ ಕಳ್ಳನೆನ್ನುತ್ತದೆ. ದೇವರ ಹೆಸರಿನಲ್ಲಿ ಊರು ಬಿಟ್ಟವನು ಬೇರೆಡೆ ನೆಲೆಸಿ ಚಿನ್ನ ಕೂಡಿಡುತ್ತಾನೆ. ಅದು ಕಳುವಾಗಿ, ಬೆಂಕಿಯ ಬಳಿ ಅನಾಥ ಮಗು ಸಿಕ್ಕಿ, ಅದನ್ನು ಸಾಕುತ್ತ ಮತ್ತೆ ಮನುಷ್ಯನಾಗುತ್ತಾನೆ. ಚಿನ್ನಕ್ಕಿಂತ ಮಗು ಮೇಲು ಎನ್ನುವುದು ಗೈಡಿನ ನೀತಿ. ಆದರೆ ಕೊನೆಯಲ್ಲಿ ಸೈಲಸ್ ಮೂವತ್ತು ವರ್ಷಗಳ ಬಳಿಕ, ಆ ಚೀಟಿಯ ಸತ್ಯ ಹೊರಬಂತೇ ಎಂದು ಕೇಳಲು ತನ್ನ ಹಳೆಯ ಊರಿಗೆ ಹೋಗುತ್ತಾನೆ. ಪ್ರಾರ್ಥನಾ ಮಂದಿರವಿದ್ದ ಜಾಗದಲ್ಲಿ ಕಾರ್ಖಾನೆ ಎದ್ದಿರುತ್ತದೆ. ಕೇಳಲು ಯಾರೂ ಉಳಿದಿಲ್ಲ. ಉತ್ತರ ಸಿಗದೆಯೇ ಅವನು ನಂಬಿಕೆ ಇಟ್ಟುಕೊಂಡು ಬದುಕಬೇಕು. ಗಿರಣಿ ಇದ್ದ ಜಾಗದಲ್ಲಿ ಈಗ ಗಿರಣಿಯಿಲ್ಲದ ದಾವಣಗೆರೆಯಲ್ಲಿ, ಯಂತ್ರೋಪಕರಣ ಕಾರ್ಖಾನೆ ಮುಚ್ಚಿದ ಹರಿಹರದಲ್ಲಿ, ಹಾಗೆ ಉತ್ತರ ಸಿಗದೆ ಉಳಿದ ಕಾರ್ಮಿಕ ಕುಟುಂಬಗಳು ಸಾಕಷ್ಟಿವೆ.

ಓದುವ ಕ್ರಮ

ಹಾಗಾದರೆ ನೀತಿಗಾಗಿ ಓದುವುದು ತಪ್ಪೇ? ಈ ಕಾದಂಬರಿಕಾರರಿಗೆ ಅಂಥ ಓದು ಬೇಕಾಗಿತ್ತು. ನೀತಿಯನ್ನು ಪೂರ್ತಿ ಬಿಟ್ಟು ಬರೀ ಶೈಲಿಗಾಗಿ, ತಂತ್ರಕ್ಕಾಗಿ ಓದಿದರೆ ಅವರ ಅರ್ಧ ಮಾತು ಕೇಳಿಸುವುದಿಲ್ಲ. ನಮ್ಮಲ್ಲಿ ಬೈಬಲ್ಲಿನ ಪರಿಚಯವಿಲ್ಲದ ಓದುಗರಿಗೆ ಲಾಜರನ ಕಥೆ, ಶಿಲುಬೆಯ ಮಾತು ಇಂಥ ಕೆಲವನ್ನು ತಿಳಿಸಿಕೊಡುವುದು ಅಧ್ಯಾಪಕರ ಕೆಲಸ. ರಾಮಾಯಣ ತಿಳಿಯದವನಿಗೆ ಕುವೆಂಪು ಅವರನ್ನು ಪಾಠ ಹೇಳುವಾಗ ಮಾಡುವ ಕೆಲಸವೇ ಇದೂ.

ಅಲ್ಲಿಂದ ಮುಂದೆ ಓದುಗ ಕೆಲವು ಪ್ರಶ್ನೆಗಳನ್ನು ಕೈಬಿಡಬಾರದು. ಈ ನೀತಿಯನ್ನು ಕಥೆಯಲ್ಲಿ ಯಾರು ಯಾರಿಗೆ ಹೇಳುತ್ತಿದ್ದಾರೆ? ಹೇಳುವವನು ಬ್ರಾಕಲ್‌ಹರ್ಸ್ಟನೋ, ಬೀದಿಯ ಮಗುವೋ? ಅದನ್ನು ಪಾಲಿಸಿದರೆ ಯಾರ ಕೈಯಿಂದ ಏನು ಹೋಗುತ್ತದೆ? ಕ್ಷಮಿಸಿದ ಕಾರ್ಸನ್ನನ ಕೈಯಿಂದ ಸೇಡು ಹೋಯಿತು, ಆಮೇಲೆ ಒಂದಿಷ್ಟು ಲಾಭವೂ ಹೋಗಿರಬೇಕು. ಏನೂ ಕಳೆದುಕೊಳ್ಳದೆ ಒಪ್ಪಬಹುದಾದ ನೀತಿ ಕಂಡರೆ, ಪುಸ್ತಕವನ್ನು ಇನ್ನೊಮ್ಮೆ ಓದುವುದು ಲೇಸು.

ಈ ಕಾದಂಬರಿಗಳ ಮೇಲೆ ಯಾರ ಹಕ್ಕುಸ್ವಾಮ್ಯವೂ ಉಳಿದಿಲ್ಲ. ಕಡಿಮೆ ಬೆಲೆಯ ಪ್ರತಿಗಳು ಸಿಗುತ್ತವೆ, ಕಾಲೇಜು ಗ್ರಂಥಾಲಯಗಳ ಕಪಾಟಿನಲ್ಲಿ ಹಳೆಯವೂ ಇರುತ್ತವೆ. ದಾವಣಗೆರೆಯ ಓದುಗರು 'ಮೇರಿ ಬಾರ್ಟನ್'ನಿಂದ ಆರಂಭಿಸಬಹುದು. ಸಂಕ್ಷೇಪಿಸಿದ ಪ್ರತಿ ಬೇಡ. ಮಗುವಿಗೆ ಆಹಾರ ತರಲಾಗದೆ ಬಾರ್ಟನ್ ಅಂಗಡಿಯ ಮುಂದೆ ನಿಲ್ಲುವ ಪುಟವನ್ನು ಸಂಕ್ಷೇಪಿಸಿದವರು ಬಿಟ್ಟಿರುವ ಸಾಧ್ಯತೆ ಇದೆ.